ಸತ್ವಾದಲ್ಲಿ ಹೊಗೆ ರಿಪೇರಿ

ರಿಪೇರಿ ಮೇಜಿನ ಹಿಂದೆ ಕೂತವನು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ಕೆಟ್ಟ ಸಾಮಾನಿನ ಜೊತೆಗೆ ಒಂದು ಕಥೆಯನ್ನೂ ಗಿರಾಕಿಗಳೇ ತಂದು ಮೇಜಿನ ಮೇಲೆ ಇಡುತ್ತಾರೆ. ಸಾಮಾನು ಕೆಲವೊಮ್ಮೆ ಸರಿಯಾಗುವುದಿಲ್ಲ, ಕಥೆ ಮಾತ್ರ ಯಾವತ್ತೂ ಕೆಟ್ಟದ್ದಿಲ್ಲ.

ನಾನು ದುಬೈಯ ಸತ್ವಾದಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿದ್ದೆ. ಹತ್ತು ವರ್ಷ ಫೋನು ಬಿಚ್ಚಿ ಜೋಡಿಸಿದೆ. ಆಮೇಲೆ ಜನ ಫೋನು ರಿಪೇರಿ ಮಾಡಿಸುವುದನ್ನೇ ಬಿಟ್ಟು ಹೊಸದು ಕೊಳ್ಳತೊಡಗಿದರು. ನಾನು ಮೇಜು ಒರೆಸಿ ಒರೆಸಿ ಅದರ ಬಣ್ಣ ಹೋಯಿತು. ಅಷ್ಟರಲ್ಲಿ, ಎರಡು ಸಾವಿರದ ಹತ್ತೊಂಬತ್ತರಲ್ಲಿ, ಎಲೆಕ್ಟ್ರಾನಿಕ್ ಸಿಗರೇಟು, ಇಂಗ್ಲಿಷಿನಲ್ಲಿ ವೇಪ್ ಅನ್ನುತ್ತಾರಲ್ಲ ಅದು, ಮಾರಬಹುದು ಎಂದು ಸರಕಾರ ಒಪ್ಪಿತು. ಕುಂದಾಪುರದ ಕಡೆಯವರಾದ ನಮ್ಮ ಧಣಿ ಒಂದು ಗಾಜಿನ ಕಪಾಟು ತರಿಸಿ ಅದರಲ್ಲಿ ಈ ಸಾಮಾನುಗಳನ್ನು ಜೋಡಿಸಿ ನನ್ನನ್ನು ಕರೆದರು.

"ಫೋನು ಬಿಚ್ಚುವವನಿಗೆ ಇದೆಂತ ದೊಡ್ಡದು ಮಾರಾಯ? ವರ್ಷದ ಕೊನೆಯವರೆಗೆ ನೋಡುವ. ಇದರ ರಿಪೇರಿಯಾದ್ರೂ ಓಡಿದ್ರೆ ಮೇಜು ಇರ್ಲಿ. ಇಲ್ಲದಿದ್ರೆ ಮೇಜು ತೆಗೀತೇನೆ, ನೀನು ರಾಸ್ ಅಲ್ ಖೋರಿನ ಗೋಡೌನಿಗೆ ಹೋಗು."

ಗೋಡೌನು ಎಂದರೆ ಕಡಿಮೆ ಸಂಬಳ, ಎಂಟು ಜನರ ಕೋಣೆಯಲ್ಲಿ ಒಂದು ಮೇಲಿನ ಮಂಚ. ಆ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ. ಆರು ವರ್ಷ ಒಂಟಿಯಾಗಿದ್ದು ಆ ವರ್ಷವಷ್ಟೇ ಹೆಂಡತಿ ಮಗಳನ್ನು ಕರೆಸಿಕೊಂಡಿದ್ದೆ. ಹಳೇ ವಿಲ್ಲಾ ಒಂದರ ಒಂದೇ ಕೋಣೆಯಲ್ಲಿ ನಮ್ಮ ಸಂಸಾರ. ಮಗಳು ಶಾಲೆಗೆ ಸೇರಿ ಆಗಲೇ ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಕಲಿತಿದ್ದಳು. ಅವರಿಬ್ಬರನ್ನು ಮತ್ತೆ ವಿಮಾನ ಹತ್ತಿಸಲು ನಾನು ತಯಾರಿರಲಿಲ್ಲ. ಹಾಗಾಗಿ, ಹುಟ್ಟಿದಂದಿನಿಂದ ಒಂದು ಬೀಡಿಯನ್ನೂ ಮುಟ್ಟದ ನಾನು ಹೊಗೆಯ ಯಂತ್ರಕ್ಕೆ ಡಾಕ್ಟರಾದೆ.

ಯಂತ್ರ ಸರಳ. ಕೆಳಗೆ ಬ್ಯಾಟರಿ, ಮೇಲೆ ಅಟೊಮೈಸರ್. ಅಟೊಮೈಸರ್ ಎಂದರೆ ಒಂದು ಪುಟ್ಟ ಟ್ಯಾಂಕು. ಅದರಲ್ಲಿ ಪರಿಮಳದ ದ್ರವ, ನಡುವೆ ತಂತಿಯ ಸುರುಳಿ, ಸುರುಳಿಯೊಳಗೆ ಹತ್ತಿ. ಗುಂಡಿ ಒತ್ತಿದರೆ ತಂತಿ ಕಾದು, ಹತ್ತಿ ಹೀರಿದ ದ್ರವ ಹಬೆಯಾಗಿ ಬಾಯಿಗೆ ಬರುತ್ತದೆ. ಇಷ್ಟೇ ಇಷ್ಟರಲ್ಲಿ ಇಷ್ಟೊಂದು ಕೆಡಲು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ.

ಸೇದದವನ ಪರೀಕ್ಷೆ

ರಿಪೇರಿ ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಸೇದಿ ನೋಡಬೇಕು. ನಾನು ಸೇದುವವನಲ್ಲ. ಫೋನಿನ ಒಳಗಿನ ಧೂಳು ಹಾರಿಸಲು ನನ್ನಲ್ಲಿ ಒಂದು ರಬ್ಬರಿನ ಬುರುಡೆ ಇತ್ತು. ಅದನ್ನು ಹಿಂಡಿ ಹಿಡಿದು, ಮೂತಿಯನ್ನು ಅಟೊಮೈಸರಿನ ಬಾಯಿಗೆ ಒತ್ತಿ, ಗುಂಡಿ ಒತ್ತಿ, ಬುರುಡೆಯನ್ನು ಸಡಿಲ ಬಿಟ್ಟರೆ ಅದೇ ಸೇದಿಕೊಳ್ಳುತ್ತಿತ್ತು. ಮತ್ತೆ ಹಿಂಡಿದರೆ ಹೊಗೆ ಬಿಡುತ್ತಿತ್ತು. ಹೊಗೆ ದಪ್ಪಗೆ ಬಂದರೆ ಪಾಸು, ಸುಟ್ಟ ವಾಸನೆ ಬಂದರೆ ಫೇಲು.

ಮೊದಲ ವಾರವೇ ಒಬ್ಬ ವಯಸ್ಸಾದ ಈಜಿಪ್ಟಿನವರು ಬಂದರು. ಅವರ ಅಟೊಮೈಸರಿನ ಗಾಳಿಯ ತೂತಿನಲ್ಲಿ ಜೇಬಿನ ನೂಲು ತುಂಬಿತ್ತು. ತೆಗೆದು, ತೊಳೆದು, ಜೋಡಿಸಿದೆ.

"ಸೇದಿ ನೋಡು," ಎಂದರು.

"ನಾನು ಸೇದುವುದಿಲ್ಲ."

"ಸೇದದವನಿಗೆ ಸರಿಯಾಯಿತೆಂದು ಹೇಗೆ ಗೊತ್ತಾಗುತ್ತದೆ?"

ನಾನು ಬುರುಡೆ ತೆಗೆದು ತೋರಿಸಿದೆ. ಬುರುಡೆ ಸೇದಿತು, ಹೊಗೆ ಬಿಟ್ಟಿತು. ಅವರು ಕನ್ನಡಕ ಹಾಕಿಕೊಂಡರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಮಾಡಿದೆ. ಕುರ್ಚಿ ಎಳೆದು ಕೂತು ಮೂರನೇ ಸಲವೂ ಮಾಡಿಸಿದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು:

"ಈ ಬುರುಡೆಯನ್ನು ನನಗೆ ಮಾರುತ್ತೀಯಾ? ಡಾಕ್ಟರು ನನಗೆ ಸೇದಬೇಡ ಎಂದಿದ್ದಾರೆ. ಇನ್ನು ಮೇಲೆ ಇದು ಸೇದಲಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ."

ಡ್ಯಾಶ್‌ಬೋರ್ಡಿನ ಗುಟ್ಟು

ಹುಬ್ಬಳ್ಳಿ ಕಡೆಯ ಒಬ್ಬ ಇಂಜಿನಿಯರು ಅಬುಧಾಬಿಯಿಂದ ಎರಡು ಶುಕ್ರವಾರಕ್ಕೊಮ್ಮೆ ಬರುತ್ತಿದ್ದರು. ದೂರು ಒಂದೇ.

"ಇದು ಸೋರಾಕತ್ತೈತ್ರಿ. ನೀವು ಹ್ವಾದ ಸಲ ಮಾಡಿದ್ದು ಏನೂ ಉಪಯೋಗ ಆಗ್ಲಿಲ್ಲ."

ನಾನು ರಬ್ಬರ್ ಬಳೆಗಳನ್ನು ಬದಲಿಸಿದೆ. ಸೋರಿತು. ಗಾಜು ಬದಲಿಸಿದೆ. ಸೋರಿತು. ಪ್ರತಿ ಸಲವೂ ಧಣಿ ಕ್ಯಾಶ್ ಕೌಂಟರಿನಿಂದಲೇ ಕತ್ತು ಉದ್ದ ಮಾಡಿ, "ಅದೇ ಗಿರಾಕಿಯಲ್ವಾ?" ಎನ್ನುತ್ತಿದ್ದರು. ನನಗೆ ಗೋಡೌನಿನ ಮೇಲಿನ ಮಂಚ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಕೇಳಿಯೇಬಿಟ್ಟೆ.

"ಸಾರ್, ಇದನ್ನು ಎಲ್ಲಿ ಇಡ್ತೀರಿ?"

"ಕಾರಿನ ಡ್ಯಾಶ್‌ಬೋರ್ಡಿನ್ಯಾಗ."

ಆಗಸ್ಟ್ ತಿಂಗಳು. ಬಿಸಿಲಿಗೆ ನಿಂತ ಕಾರಿನೊಳಗೆ ಚಪಾತಿ ಬೇಯಿಸಬಹುದು. ಆ ಕಾವಿಗೆ ದ್ರವ ನೀರಾಗಿ ಹತ್ತಿಯಲ್ಲಿ ನಿಲ್ಲದೆ ಇಳಿದು ಹೋಗುತ್ತದೆ. ಇದನ್ನೆಲ್ಲ ವಿವರಿಸಿ, ಮನೆಯಲ್ಲಿ ಇಡಿ ಎಂದೆ.

ಅವರ ಮುಖ ಬಾಡಿತು. "ನನ್ನ ಹೆಂಡ್ತಿ ಡಾಕ್ಟರ್ ಅದಾಳ್ರಿ. ಪೂರಾ ಬಿಟ್ಟೇನಿ ಅಂತ ಆಣಿ ಮಾಡೇನಿ. ಮನ್ಯಾಗ ಇಟ್ರ ಇದು ಸೋರೂದಿಲ್ಲ, ನಾ ಸೋರ್ತೀನಿ."

ಗುಟ್ಟನ್ನು ಕಾಪಾಡುತ್ತೇನೆ ಎಂದು ಮಾತು ಕೊಟ್ಟೆ. ಕಾರಿನಲ್ಲೇ ಇಡುವುದಾದರೆ ಟ್ಯಾಂಕು ಖಾಲಿ ಮಾಡಿ ಇಡಿ ಎಂದು ಕಳಿಸಿದೆ. ಮುಂದಿನ ಸಲ ಅವರು ಬರಲಿಲ್ಲ. ಅವರ ಬದಲು ಒಬ್ಬ ಹೆಂಗಸು ಬಂದು, ಚೀಲದಿಂದ ಅದೇ ಯಂತ್ರವನ್ನು ತೆಗೆದು ನನ್ನ ಮುಂದಿಟ್ಟರು.

"ಇದು ನಮ್ಮ ಮನಿಯವ್ರದು. ಸೋರಿ ಸೋರಿ ಕಾರಿನ ಒಳಗೆಲ್ಲಾ ಅಂಟು ಅಂಟಾಗೇತಿ. ಒಮ್ಮೆ ಚಂದಂಗ ರಿಪೇರಿ ಮಾಡಿಕೊಡ್ರಿ."

"ಮೇಡಂ, ಅವರು..." ಎಂದು ತೊದಲಿದೆ.

"ಅವ್ರು ಇಲ್ಲೇ ನಮ್ಮ ತಂಗಿ ಮನ್ಯಾಗ ಮಲಗ್ಯಾರ, ಏಳೂದ್ರಾಗ ವಾಪಸ್ ಇಡಬೇಕು. ಮತ್ತ ನನಗ ಗೊತ್ತೈತಿ ಅಂತ ಅವ್ರಿಗೆ ಹೇಳಬ್ಯಾಡ್ರಿ. ಗೊತ್ತಾತಂದ್ರ ರಾಜಾರೋಷವಾಗಿ ಸೋಫಾದ ಮ್ಯಾಲೆ ಕುಂತು ಸೇದ್ತಾರ."

ಇದ್ದೂ ಇಲ್ಲ

ರಾಸ್ ಅಲ್ ಖೋರಿನ ಒಂದು ಗ್ಯಾರೇಜಿನ ಟ್ರಕ್ಕು ಓಡಿಸುವ ಪಠಾಣ ಒಬ್ಬ ಸಿಟ್ಟಿನಿಂದ ಬಂದ. ಯಂತ್ರದ ಪುಟ್ಟ ಪರದೆಯ ಮೇಲೆ 'ಅಟೊಮೈಸರ್ ಇಲ್ಲ' ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಓದಿ ಹೇಳಿದ ಗೆಳೆಯನ ಜೊತೆ ಜಗಳವನ್ನೂ ಆಡಿ ಬಂದಿದ್ದ.

"ಅದರ ತಲೆಯ ಮೇಲೇ ಕೂತಿದೆ. ನನಗೆ ಕಾಣುತ್ತದೆ, ನಿನಗೆ ಕಾಣುತ್ತದೆ. ಇದು ಇಲ್ಲ ಅನ್ನುತ್ತದಲ್ಲ, ಇದಕ್ಕೆ ನಾಚಿಕೆ ಬೇಡವಾ?"

ಬ್ಯಾಟರಿಗೂ ಅಟೊಮೈಸರಿಗೂ ಸೇರುವ ಜಾಗದಲ್ಲಿ ಒಂದು ಸಣ್ಣ ಮೊಳೆಯಂಥದ್ದು ಇರುತ್ತದೆ. ಅದರ ಮೇಲೆ ಜಿಡ್ಡು ಕೂತರೆ ಕರೆಂಟು ದಾಟುವುದಿಲ್ಲ. ಮೇಲೆ ಏನೂ ಇಲ್ಲವೆಂದೇ ಯಂತ್ರ ತಿಳಿಯುತ್ತದೆ. ನಾನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಪರದೆ ತೆಪ್ಪಗೆ ಅಟೊಮೈಸರ್ ಇದೆ ಎಂದು ಒಪ್ಪಿತು.

"ಏನು ಮಾಡಿದೆ?"

"ಏನಿಲ್ಲ, ಸ್ವಲ್ಪ ಗಟ್ಟಿಯಾಗಿ ಉಜ್ಜಿದೆ."

ಪಠಾಣ ಯೋಚಿಸಿದ. "ನಮ್ಮ ಮ್ಯಾನೇಜರನ ಆಫೀಸಿನಲ್ಲೂ ಹೀಗೆಯೇ. ರಜೆ ಕೇಳಲು ಹೋದರೆ ಗಾಜಿನ ಹಿಂದೆ ಕೂತಿರುವುದು ಕಾಣುತ್ತದೆ, ಹೊರಗೆ ಮಾತ್ರ 'ಮುದೀರ್ ಮಾಫಿ', ಮ್ಯಾನೇಜರ್ ಇಲ್ಲ, ಅನ್ನುತ್ತಾರೆ. ಆ ಬಟ್ಟೆ ಸ್ವಲ್ಪ ಕೊಡು."

ಹಬೆಯಲ್ಲಿ ಬೆಂದದ್ದು

ಸಿಗರೇಟು ಬಿಡಲೆಂದು ಈ ಯಂತ್ರ ಹಿಡಿದವರಲ್ಲಿ ಒಂದು ಹೋಟೆಲಿನ ಅಡಿಗೆ ಭಟ್ಟರೂ ಇದ್ದರು. ನಮ್ಮ ಉಡುಪಿ ಕಡೆಯವರೇ. ಅವರಿಗೆ ನಾನೇ ಹೇಳಿದ್ದೆ, ವಾರಕ್ಕೊಮ್ಮೆ ಅಟೊಮೈಸರ್ ಬಿಚ್ಚಿ, ಹತ್ತಿ ಇರುವ ಸುರುಳಿಯನ್ನು ಬೇರೆ ಇಟ್ಟು, ಉಳಿದದ್ದನ್ನು ಬಿಸಿನೀರಿನಲ್ಲಿ ತೊಳೆಯಿರಿ ಎಂದು. ಹತ್ತು ದಿನದಲ್ಲಿ ಕಾಗದದಲ್ಲಿ ಕಟ್ಟಿಕೊಂಡು ತಂದರು. ಬಿಡಿಸಿ ನೋಡಿದರೆ ರಬ್ಬರ್ ಬಳೆಗಳು ಉಬ್ಬಿ ಹೊರಗೆ ಬಂದಿವೆ, ಟ್ಯಾಂಕು ಮಂಜಾಗಿದೆ, ಹತ್ತಿ ಅನ್ನದ ಗಂಜಿಯ ಹಾಗೆ ಆಗಿದೆ.

"ಭಟ್ರೇ, ಎಂತ ಮಾಡಿದ್ರಿ ಇದಕ್ಕೆ?"

"ನೀವು ಬಿಸಿನೀರು ಅಂದ್ರಿ. ಬಿಸಿನೀರಿಗಿಂತ ಹಬೆ ಒಳ್ಳೇದು ಅಂತ ನನಗೆ ಕಂಡಿತು. ರೂಮಿನ ಇಡ್ಲಿ ಪಾತ್ರೆಯಲ್ಲಿ ಇಟ್ಟೆ."

"ಎಷ್ಟು ಹೊತ್ತು?"

"ಇಡ್ಲಿಗೆ ಇಡುವಷ್ಟೇ. ಕಡ್ಡಿ ಚುಚ್ಚಿ ನೋಡಿಯೇ ಇಳಿಸಿದ್ದು."

ನಲವತ್ತು ವರ್ಷ ಒಲೆ ನೋಡಿದ ಮನುಷ್ಯ, ಅವರಿಗೆ ಬೇಯಿಸುವುದರಲ್ಲಿ ತಪ್ಪು ಹೇಳಲು ನಾನು ಯಾರು? ಹೊಸ ಬಳೆ, ಹೊಸ ಸುರುಳಿ ಹಾಕಿಕೊಟ್ಟೆ. ಧಣಿ ದೂರದಿಂದ ನೋಡಿ ಇದನ್ನೂ ವಾಪಸ್ ಬಂದ ಸಾಮಾನಿನ ಲೆಕ್ಕಕ್ಕೆ ಸೇರಿಸಿದರು. ಭಟ್ಟರು ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು:

"ಪಾತ್ರೆಗೆ ಎಂತದಾದ್ರೂ ಉಪಾಯ ಉಂಟಾ? ರೂಮಿನವರೆಲ್ಲ ಬೈತಾರೆ. ಇಡ್ಲಿಯೆಲ್ಲ ಸ್ಟ್ರಾಬೆರಿ ಪರಿಮಳ, ಇದನ್ನು ಸೇದಿದ್ರೆ ಉದ್ದಿನಬೇಳೆ."

ಹತ್ತು ಅಟೊಮೈಸರು, ಒಬ್ಬರು ಅತ್ತೆ

ವರ್ಷದ ಕೊನೆಗೆ ಇನ್ನು ಮೂರು ವಾರ ಇತ್ತು. ಅಬುಧಾಬಿಯಲ್ಲಿ ಅಲ್ ಮೀನಾದ ಹತ್ತಿರ ಎರಡು ಅಂಗಡಿ ಇರುವ ಸಿರಿಯಾದ ಒಬ್ಬ ವ್ಯಾಪಾರಿ ಬಂದು ಹತ್ತು ಹಳೆಯ ಅಟೊಮೈಸರುಗಳನ್ನು ಮೇಜಿನ ಮೇಲೆ ಸುರಿದರು. ಇವಕ್ಕೆ ತಯಾರಾದ ಸುರುಳಿ ಸಿಗುವುದಿಲ್ಲ, ಕೈಯಿಂದಲೇ ಹತ್ತಿ ಬದಲಿಸಬೇಕು. "ಗುರುವಾರ ಬರುತ್ತೇನೆ. ಹತ್ತರಲ್ಲಿ ಒಂದರಿಂದಲೂ ಸುಟ್ಟ ವಾಸನೆ ಬರಬಾರದು. ಬಾರದಿದ್ದರೆ ನನ್ನ ಎರಡೂ ಅಂಗಡಿಯ ರಿಪೇರಿ ನಿಮಗೇ," ಎಂದರು.

ಅವರು ಹೋದ ಮೇಲೆ ಧಣಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಇದೊಂದು ಆದ್ರೆ ನಿನ್ನ ಮೇಜಿಗೆ ಯಾರೂ ಕೈ ಹಾಕುವುದಿಲ್ಲ. ಆಗದಿದ್ರೆ ನನ್ನನ್ನು ಬೈಬೇಡ."

ಹತ್ತಕ್ಕೂ ಹತ್ತಿ ಹಾಕಿದೆ. ಬುರುಡೆಯಿಂದ ಪರೀಕ್ಷೆ ಮಾಡಿದೆ. ಏಳರಲ್ಲಿ ಸುಟ್ಟ ವಾಸನೆ. ಮತ್ತೆ ಹಾಕಿದೆ, ಐದು. ಮತ್ತೆ ಹಾಕಿದೆ, ಎಂಟು. ಬುಧವಾರ ಸಂಜೆ ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ಬಂದೆ. ಅಳುವೊಂದು ಬಾಕಿ.

ಮನೆಯಲ್ಲಿ ಆಗ ಅತ್ತೆ ಇದ್ದರು, ಎರಡು ತಿಂಗಳ ವಿಸಿಟ್ ವೀಸಾದಲ್ಲಿ. ನಮ್ಮ ಮದುವೆಯ ಮಾತುಕತೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ, ಹುಡುಗ ಬೀಡಿ ಸಿಗರೇಟು ಮುಟ್ಟುತ್ತಾನಾ ಎಂದು. ಮಾವನವರು ಕೂಡ ಅವರ ಕಾಲದಲ್ಲಿ ಬೀಡಿ ಸೇದಬೇಕಾದರೆ ಗೇಟಿನ ಹೊರಗೆ ಹೋಗಿ ನಿಲ್ಲಬೇಕಿತ್ತು. ಹಾಗಾಗಿ ಅಳಿಯನ ಕೆಲಸ ಇಂದಿಗೂ ಫೋನು ರಿಪೇರಿಯೇ ಎಂದು ಹೆಂಡತಿಯೂ ನಾನೂ ಹೇಳಿಕೊಂಡು ಬಂದಿದ್ದೆವು.

ಅತ್ತೆ ಚಾಪೆಯ ಮೇಲೆ ಕಾಲು ಚಾಚಿ ಕೂತು, ಊರಿಂದ ತಂದ ಹತ್ತಿಯಿಂದ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿ ಕೆಲಸಕ್ಕೆ ಕೂತೆ. ಒಂದೇ ಕೋಣೆಯ ಮನೆಯಲ್ಲಿ ಗೋಡೆಯ ಕಡೆ ತಿರುಗಿದರೆ ಏನು ಬಂತು?

"ಅಳಿಯಂದ್ರೇ, ಅದೆಂತದು ಹತ್ತಿ?"

"ಇದು... ಒಂಥರಾ ಕರೆಂಟಿನ ದೀಪ ಅತ್ತೆ."

"ಇಟ್ಸ್ ಎ ವೇಪ್, ಅಜ್ಜಿ," ಎಂದಳು ಮಗಳು ಹೋಮ್‌ವರ್ಕಿನಿಂದ ತಲೆ ಎತ್ತದೆ. ಹೆಂಡತಿ ಅವಳನ್ನು ಹಾಲು ಕುಡಿಸಲು ಹೊರಗೆ ಎಳೆದುಕೊಂಡು ಹೋದಳು.

ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು ದೀಪದ ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ಹತ್ತಿ ಅದುಮಿದರು, ಮೂಗು ಮುರಿದರು.

"ಇಷ್ಟು ಬಿಗಿ ತುರುಕಿದ್ರೆ ಎಣ್ಣೆ ಏರುವುದುಂಟಾ? ನಡುವೆ ಕರಟಿ ಹೋಗ್ತದೆ. ನಿಮಗೆ ಬತ್ತಿ ಹೊಸೆಯಲಿಕ್ಕೆ ಯಾರು ಕಲಿಸಿದ್ದು?"

ಯೂಟ್ಯೂಬು ಎಂದು ಹೇಳಲಿಲ್ಲ. ಅವರು ನನ್ನ ಹತ್ತಿಯನ್ನೆಲ್ಲ ಬದಿಗೆ ತಳ್ಳಿ, ತಮ್ಮ ಹತ್ತಿಯಿಂದ ಎಳೆ ಎಳೆದು, ತೊಡೆಯ ಮೇಲೆ ಎರಡು ಸಲ ಸವರಿ, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಬತ್ತಿ ಮಾಡಿ ಕೊಡುತ್ತಾ ಹೋದರು. ನಾನು ಸುರುಳಿಯೊಳಗೆ ತೂರಿಸುತ್ತಾ ಹೋದೆ. ಕೈಗೆ ವಿಭೂತಿ ಹಚ್ಚಿಕೊಂಡರೆ ಇನ್ನೂ ನಯ ಬರುತ್ತದೆ ಎಂದರು. ಬೇಡ ಅತ್ತೆ, ಕರೆಂಟಿಗೆ ಆಗುವುದಿಲ್ಲ ಎಂದೆ. ಅರ್ಧ ಗಂಟೆಯಲ್ಲಿ ಹತ್ತೂ ಮುಗಿಯಿತು.

ಗುರುವಾರ ಅಂಗಡಿಗೆ ಹೋಗಿ ಬುರುಡೆ ಹಿಡಿದೆ. ಒಂದು, ಎರಡು, ಮೂರು... ಹತ್ತೂ ಪಾಸು. ಸುಟ್ಟ ವಾಸನೆಯ ಸುಳಿವಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿತು. ಹೊಗೆಗೆ ಎಂದು ಧಣಿಗೆ ಹೇಳಿದೆ.

ಮಧ್ಯಾಹ್ನ ಸಿರಿಯಾದವರು ಬಂದು ಒಂದೊಂದನ್ನೇ ಸೇದಿ ನೋಡತೊಡಗಿದರು. ಆರನೆಯದಕ್ಕೆ ಬರುವಷ್ಟರಲ್ಲಿ ಅಂಗಡಿಯಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ತರಕಾರಿ ಚೀಲ ಹಿಡಿದ ಹೆಂಡತಿ, ಅವಳ ಮುಂದೆ ಅತ್ತೆ. ಹೆಂಡತಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತು, ತಡೆಯಲು ನೋಡಿ ಸೋತು ಬಂದಿದ್ದಾಳೆ ಎಂದು.

"ನನ್ನ ದೀಪ ಉರಿಯುವುದನ್ನು ನೋಡಿ ಹೋಗುವ ಅಂತ ಬಂದೆ," ಎಂದರು ಅತ್ತೆ.

ಅದೇ ಹೊತ್ತಿಗೆ ಸಿರಿಯಾದವರು ಏಳನೆಯದನ್ನು ಬಾಯಿಗಿಟ್ಟು ದೀರ್ಘವಾಗಿ ಎಳೆದು, ಮೇಲಕ್ಕೆ ಮುಖ ಎತ್ತಿ, ಒಂದು ದೊಡ್ಡ ಮೋಡವನ್ನೇ ಬಿಟ್ಟರು. ಮೋಡ ನಿಧಾನವಾಗಿ ಅತ್ತೆಯ ಸೆರಗಿನ ಮೇಲೆ ಇಳಿಯಿತು. ನನ್ನ ಮದುವೆ, ಮೇಜು, ಮಗಳ ಶಾಲೆ ಎಲ್ಲವೂ ಅದೇ ಮೋಡದಲ್ಲಿ ಹೋಯಿತು ಎಂದುಕೊಂಡೆ.

"ಇವರು ಯಾರು?" ಎಂದು ಧಣಿ ಕೇಳಿದರು.

"ನಮ್ಮ ಅತ್ತೆ," ಎಂದೆ. ಭಯದಲ್ಲಿ ಬಾಯಿಂದ ನಿಜವೇ ಬಂತು. "ಹತ್ತಿ ಹಾಕಿದ್ದು ಇವರೇ."

ಧಣಿ ಅದನ್ನು ಸಿರಿಯಾದವರಿಗೆ ಹೇಳಿದ್ದೇ ತಡ, ಅವರು ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟು ಅತ್ತೆಗೆ ನಮಸ್ಕರಿಸಿದರು. ಅತ್ತೆ ಅದನ್ನು ಗಮನಿಸಲೇ ಇಲ್ಲ. ಅವರು ಹೊಗೆಯನ್ನೇ ನೋಡುತ್ತಿದ್ದರು. ಅವರ ಮುಖ ಸಣ್ಣದಾಗಿತ್ತು. ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ ಹೇಳಿದರು:

"ಛೇ, ಬತ್ತಿಯ ತುದಿ ಉದ್ದ ಆಗಿದೆ. ಅದಕ್ಕೇ ಹೊಗೆ ಕಾರುವುದು. ಪಾಪ ಆ ಮನುಷ್ಯ, ಸೌದೆ ಒಲೆ ಊದುವ ಹಾಗೆ ಬಾಯಿಟ್ಟು ಊದ್ಬೇಕಾಯ್ತು. ಹತ್ತನ್ನೂ ಕೊಡಿ ಇಲ್ಲಿ. ಒಂದು ಚೂರೂ ಹೊಗೆ ಬಾರದ ಹಾಗೆ ಮಾಡಿ ಕೊಡ್ತೇನೆ."

ಸಿರಿಯಾದವರು ಧಣಿಯ ಕಡೆ ತಿರುಗಿದರು. "ಅಮ್ಮ ಏನು ಹೇಳುತ್ತಿದ್ದಾರೆ?"

ಧಣಿ ಕಣ್ಣು ಮಿಟುಕಿಸಲಿಲ್ಲ. "ಇದು ಏನೂ ಅಲ್ಲವಂತೆ. ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅಂತ ಬೇಜಾರು ಮಾಡಿಕೊಳ್ತಾ ಇದ್ದಾರೆ."

"ಖಲಾಸ್," ಎಂದರು ಸಿರಿಯಾದವರು. "ಎರಡೂ ಅಂಗಡಿಯ ಕೆಲಸ ನಿಮ್ಮದೇ."

ಧಣಿ ನನ್ನ ಮೇಜನ್ನು ಎರಡು ಸಲ ತಟ್ಟಿ ತಮ್ಮ ಕೌಂಟರಿಗೆ ಹೋದರು. ಹೆಂಡತಿ ತರಕಾರಿ ಚೀಲವನ್ನು ಅಲ್ಲೇ ಇಟ್ಟು ಕುರ್ಚಿಯಲ್ಲಿ ಕೂತುಬಿಟ್ಟಳು. ನಾನು ಒಂದು ಗಂಟೆ ರಜೆ ಕೇಳಿ ಇಬ್ಬರನ್ನೂ ಮನೆಗೆ ಕರೆದುಕೊಂಡು ಹೊರಟೆ.

ದರ್ಜಿ ಅಂಗಡಿಗಳ ಸಾಲಿನುದ್ದಕ್ಕೂ ಅತ್ತೆ ನಮ್ಮಿಬ್ಬರ ಮುಂದೆ ಬಿರಬಿರನೆ ನಡೆದರು. ಈಗ ಬಂತು, ಎಲ್ಲ ಅರ್ಥವಾಗಿದೆ, ಈಗ ಕೇಳುತ್ತಾರೆ ಎಂದು ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ವಿಲ್ಲಾದ ಗೇಟಿನ ಹತ್ತಿರ ಅವರು ನಿಂತರು, ನನ್ನ ಹೆಂಡತಿ ಮುಂದೆ ಹೋಗಲಿ ಎಂದು ಕಾದರು, ಆಮೇಲೆ ತಲೆ ತಗ್ಗಿಸಿ ಹೇಳಿದರು:

"ಅಳಿಯಂದ್ರೇ, ಇಷ್ಟು ವಯಸ್ಸಿಗೆ ಮೊದಲನೇ ಸಲ ನನ್ನ ಬತ್ತಿ ಹೊಗೆ ಕಾರಿದ್ದು. ಊರಲ್ಲಿ ಗೊತ್ತಾದ್ರೆ ನನಗೆ ತಲೆ ಎತ್ತಲಿಕ್ಕಿಲ್ಲ. ದಯಮಾಡಿ ಈ ವಿಷಯ ಯಾರ ಹತ್ರವೂ ಬಾಯಿ ಬಿಡ್ಬೇಡಿ."

ದೇವರಾಣೆ, ಸತ್ತರೂ ಬಿಡುವುದಿಲ್ಲ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ.